ಸರ್ವರ್‌ನ ಸಂಪರ್ಕ ವಿವರ ಮರೆತರೆ ಎಲ್ಲವನ್ನೂ ಅಳಿಸಬೇಕೇ?

ಪ್ರಶ್ನೆ: ಮಂಡ್ಯದಲ್ಲಿರುವ ನಮ್ಮ ಗೊಬ್ಬರದ ಅಂಗಡಿಯ ಲೆಕ್ಕಪತ್ರವೆಲ್ಲ ಅಲ್ಲಿಯ ಒಂದು ಉಬುಂಟು ಸರ್ವರ್‌ನಲ್ಲಿದೆ. ಮೈಸೂರಿನ ಮನೆಯಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಅದನ್ನು ನೋಡಿಕೊಳ್ಳುತ್ತಿದ್ದೆ. ಹೊಸ ಲ್ಯಾಪ್‌ಟಾಪ್ ಕೊಂಡ ಮೇಲೆ ಐಪಿ ವಿಳಾಸ, ಪೋರ್ಟ್ (ಸಂಪರ್ಕ ಒಳಹೋಗುವ ಬಾಗಿಲಿನ ಸಂಖ್ಯೆ), ಯೂಸರ್‌ನೇಮ್ ಯಾವುದೂ ನೆನಪಿಗೆ ಬರುತ್ತಿಲ್ಲ. ಎಲ್ಲವನ್ನೂ ಅಳಿಸಿ ಉಬುಂಟು ಹೊಸದಾಗಿ ಹಾಕುವುದೊಂದೇ ದಾರಿಯೇ?

ಉತ್ತರ: ದಯವಿಟ್ಟು ಅಳಿಸಬೇಡಿ. ನಿಮ್ಮ ಲೆಕ್ಕಪತ್ರ ಡಿಸ್ಕ್‌ನಲ್ಲಿ ಇದ್ದಂತೆಯೇ ಇದೆ. ಕೈತಪ್ಪಿರುವುದು ಅಲ್ಲಿಗೆ ತಲುಪುವ ವಿವರ ಮಾತ್ರ. ಆ ವಿವರಗಳಲ್ಲಿಯೂ ವಿಳಾಸ, ಪೋರ್ಟ್, ಯೂಸರ್‌ನೇಮ್ ಇವು ಹುಡುಕಿದರೆ ಸಿಗುವಂಥವು. ಪ್ರೈವೇಟ್ ಕೀ (ಲಾಗಿನ್‌ಗೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಗುಪ್ತ ಕೀಲಿ ಫೈಲ್) ಅಥವಾ ಅದನ್ನು ತೆರೆಯುವ ಪಾಸ್‌ಫ್ರೇಸ್ ಹಾಗಲ್ಲ. ಅದು ಹೋದರೆ ಹೋಯಿತು, ಹೊಸದನ್ನು ಸೇರಿಸಬೇಕಾಗುತ್ತದೆ. ಈ ಎರಡನ್ನೂ ಒಂದೇ ಎಂದು ಭಾವಿಸಿದವರೇ ಗಾಬರಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿ ನಿಜವಾದ ನಷ್ಟಕ್ಕೆ ಒಳಗಾಗುತ್ತಾರೆ.

ಹಳೆಯ ಲ್ಯಾಪ್‌ಟಾಪ್ ಇನ್ನೂ ಇದ್ದರೆ ಅದನ್ನು ಯಾರಿಗೂ ಕೊಡುವ ಮೊದಲು ಒಮ್ಮೆ ತೆರೆಯಿರಿ. ಅದು ಲಿನಕ್ಸ್ ಅಥವಾ ಮ್ಯಾಕ್ ಆಗಿದ್ದರೆ, ಹೋಮ್ ಫೋಲ್ಡರ್‌ನೊಳಗೆ ಚುಕ್ಕಿಯಿಂದ ಶುರುವಾಗುವ ಎಸ್‌ಎಸ್‌ಎಚ್ ಎಂಬ ಫೋಲ್ಡರ್ ಮರೆಯಾಗಿರುತ್ತದೆ. ಅದರಲ್ಲಿ ಕಾನ್ಫಿಗ್ ಎಂಬ ಫೈಲ್ ಇದ್ದರೆ ಮೂರೂ ವಿವರ ಅಲ್ಲಿಯೇ ಸಿಗಬಹುದು. ಇಲ್ಲದಿದ್ದರೆ ಟರ್ಮಿನಲ್‌ನ ಹಿಸ್ಟರಿಯಲ್ಲಿ ನೀವು ಹಿಂದೆ ಟೈಪ್ ಮಾಡಿದ ಕಮಾಂಡ್ ಉಳಿದಿರುವ ಸಾಧ್ಯತೆ ಹೆಚ್ಚು. ವಿಂಡೋಸ್‌ನಲ್ಲಿ ಪುಟ್ಟಿ ಎಂಬ ಎಸ್‌ಎಸ್‌ಎಚ್ ತಂತ್ರಾಂಶ ಬಳಸುತ್ತಿದ್ದವರು ಒಂದು ವಿಷಯ ಗಮನಿಸಬೇಕು: ಪುಟ್ಟಿ ತನ್ನ ಸೆಷನ್‌ಗಳನ್ನು (ಉಳಿಸಿದ ಸಂಪರ್ಕ ವಿವರಗಳನ್ನು) ಫೈಲ್‌ನಲ್ಲಿ ಇಡುವುದಿಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಇಡುತ್ತದೆ. ಡಾಕ್ಯುಮೆಂಟ್ಸ್ ಫೋಲ್ಡರನ್ನೆಲ್ಲ ಪೆನ್‌ಡ್ರೈವ್‌ಗೆ ತುಂಬಿಕೊಂಡು ಬಂದರೂ ಹೊಸ ಲ್ಯಾಪ್‌ಟಾಪ್‌ನಲ್ಲಿ ಸೆಷನ್ ಪಟ್ಟಿ ಖಾಲಿ ಕಾಣುವುದು ಈ ಕಾರಣದಿಂದ.

ವಿಳಾಸ ಸಿಕ್ಕಿದರೂ ಅದು ಈಗಲೂ ಅದೇ ಎಂದು ನಂಬಲಾಗದು. ಅಂಗಡಿಗಳ ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊರಗಿನ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ಅಂಗಡಿಯಲ್ಲಿರುವ ಹುಡುಗನಿಗೆ ಫೋನ್ ಮಾಡಿ, ಅಲ್ಲಿಯ ವೈಫೈಗೆ ಸೇರಿಸಿದ ಮೊಬೈಲ್‌ನಲ್ಲಿ ಈಗಿನ ವಿಳಾಸ ನೋಡಿಸಿಕೊಳ್ಳಿ. ಜೊತೆಗೆ ರೂಟರ್‌ನ ಪುಟವನ್ನೂ ತೆರೆಸಿರಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವುದು ಆ ಪುಟವೇ: ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಹೊರಗಿನ ಪೋರ್ಟ್ ಯಾವುದು, ಅದು ಒಳಗಿನ ಯಾವ ಯಂತ್ರಕ್ಕೆ ಹೋಗುತ್ತದೆ ಎಂಬ ಎರಡೂ ಒಂದೇ ಸಾಲಿನಲ್ಲಿ ಇರುತ್ತವೆ. ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ಇಂಟರ್‌ನೆಟ್ ಕಂಪನಿಯು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸಿದೆ ಎಂದರ್ಥ. ಆಗ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ನೀವು ಹಿಂದೆ ಟೇಲ್‌ಸ್ಕೇಲ್‌ನಂಥ ವಿಪಿಎನ್ (ಯಂತ್ರಗಳನ್ನು ಇಂಟರ್‌ನೆಟ್ ಮೂಲಕ ಖಾಸಗಿಯಾಗಿ ಜೋಡಿಸುವ ಸೇವೆ) ಬಳಸುತ್ತಿದ್ದಿರಬಹುದು. ಹಾಗಿದ್ದರೆ ಅದರ ಖಾತೆಗೆ ಲಾಗಿನ್ ಆದರೆ ಯಂತ್ರದ ಹೆಸರು, ವಿಳಾಸ ಎರಡೂ ಕಾಣುತ್ತವೆ.

ಪ್ರಯತ್ನಿಸುವಾಗ ಬರುವ ಎರರ್ ಸಂದೇಶವನ್ನು ಓದದೆ ಮುಚ್ಚಬೇಡಿ. 'ಟೈಮ್ಡ್ ಔಟ್' ಎಂದರೆ ಉತ್ತರವೇ ಬಂದಿಲ್ಲ: ವಿಳಾಸ ತಪ್ಪಿದೆ, ಯಂತ್ರ ಆಫ್ ಆಗಿದೆ, ಇಲ್ಲವೇ ಫೈರ್‌ವಾಲ್ ತಡೆದಿದೆ. 'ರೆಫ್ಯೂಸ್ಡ್' ಎಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ರೂಢಿಯ ಪೋರ್ಟ್ 22 ಆದರೂ ಹಲವರು ಅದನ್ನು ಬದಲಿಸಿರುತ್ತಾರೆ. 'ಪರ್ಮಿಷನ್ ಡಿನೈಡ್' ಎಂದು ಬಂದರೆ ಬೇಸರಪಡಬೇಕಾಗಿಲ್ಲ, ವಿಳಾಸವೂ ಪೋರ್ಟೂ ಸರಿಯಾಗಿವೆ; ಉಳಿದಿರುವುದು ಹೆಸರು ಮತ್ತು ಕೀ ಅಥವಾ ಪಾಸ್‌ವರ್ಡ್. ಆದರೆ ಅಂದಾಜಿನ ಮೇಲೆ ಪಾಸ್‌ವರ್ಡ್ ಹಾಕುತ್ತ ಹೋಗಬೇಡಿ. ಸರ್ವರ್‌ನಲ್ಲಿ ಫೇಲ್‌2ಬ್ಯಾನ್ ಎಂಬ ಕಾವಲು ತಂತ್ರಾಂಶ ಇದ್ದರೆ, ಬೇರೆ ಸೆಟ್ಟಿಂಗ್ ಮಾಡಿರದಿದ್ದಲ್ಲಿ, ಐದು ತಪ್ಪು ಪ್ರಯತ್ನಗಳ ನಂತರ ಅದು ನಿಮ್ಮ ವಿಳಾಸವನ್ನು 10 ನಿಮಿಷ ತಡೆಹಿಡಿಯುತ್ತದೆ. ಆಗ 'ಡಿನೈಡ್' ಎನ್ನುತ್ತಿದ್ದ ಸರ್ವರ್ 'ರೆಫ್ಯೂಸ್ಡ್' ಎನ್ನತೊಡಗಿ, ಸರಿಯಾದ ಪೋರ್ಟನ್ನೇ ತಪ್ಪೆಂದು ಭಾವಿಸುವಂತಾಗುತ್ತದೆ.

ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಯಾವ ರೀತಿಯಲ್ಲೂ ಸಿಗದಿದ್ದರೆ ಮಂಡ್ಯಕ್ಕೆ ಹೋಗಿಬರುವುದೇ ಒಳ್ಳೆಯದು. ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಜೋಡಿಸಿ, ರೀಸ್ಟಾರ್ಟ್ ಮಾಡುವಾಗ ಎಸ್ಕೇಪ್ ಕೀ, ಹಳೆಯ ಬಯೋಸ್ ಇದ್ದರೆ ಶಿಫ್ಟ್ ಕೀ ಬಳಸಿ ಗ್ರಬ್ ಮೆನು (ಉಬುಂಟು ಶುರುವಾಗುವ ಮೊದಲಿನ ಆಯ್ಕೆಗಳ ಪಟ್ಟಿ) ತೆರೆಯಿರಿ. ಅಡ್ವಾನ್ಸ್ಡ್ ಆಯ್ಕೆಯೊಳಗೆ ರಿಕವರಿ ಮೋಡ್ ಇದೆ. ಅದರಲ್ಲಿ ರೂಟ್ ಶೆಲ್ (ಪೂರ್ಣ ಅಧಿಕಾರದ ಕಮಾಂಡ್ ಪರದೆ) ಆರಿಸಿ, ಡಿಸ್ಕ್ ಓದಲು ಮಾತ್ರ ತೆರೆದಿದ್ದರೆ ಬರೆಯಲೂ ಬರುವಂತೆ ರೀಮೌಂಟ್ ಮಾಡಬೇಕು. ಇಟಿಸಿ ಫೋಲ್ಡರ್‌ನ ಪಾಸ್‌ಡಬ್ಲ್ಯೂಡಿ ಫೈಲ್‌ನಲ್ಲಿ 1000 ಎಂಬ ಸಂಖ್ಯೆಯಿರುವ ಸಾಲಿನ ಆರಂಭದಲ್ಲಿರುವ ಖಾತೆಯೇ ಸಾಮಾನ್ಯವಾಗಿ ಉಬುಂಟು ಹಾಕುವಾಗ ನೀವು ಕೊಟ್ಟ ಹೆಸರು. ಪಾಸ್‌ಡಬ್ಲ್ಯೂಡಿ ಎಂಬ ಕಮಾಂಡ್‌ನಿಂದಲೇ ಆ ಖಾತೆಗೆ ಹೊಸ ಪಾಸ್‌ವರ್ಡ್ ಕೊಡಬಹುದು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಅದರ ಪಾಸ್‌ಫ್ರೇಸ್ ಇಲ್ಲದೆ ಇಲ್ಲಿಗೂ ಬರಲಾಗದು. ಬಾಡಿಗೆಯ ಕ್ಲೌಡ್ ಸರ್ವರ್ ಇರುವವರು ಇದೇ ಕೆಲಸವನ್ನು ಕಂಪನಿಯ ಖಾತೆಯೊಳಗಿನ ಕನ್ಸೋಲ್ ಅಥವಾ ರೆಸ್ಕ್ಯೂ ಮೋಡ್‌ನಿಂದ ಮಾಡಬಹುದು.

ಹೊಸ ಲ್ಯಾಪ್‌ಟಾಪ್‌ನಲ್ಲಿ ಹೊಸ ಕೀ ಜೋಡಿಯನ್ನು ಮಾಡಿ, ಅದರ ಪಬ್ಲಿಕ್ ಭಾಗವನ್ನಷ್ಟೇ ಸರ್ವರ್‌ನ ಆಥರೈಸ್ಡ್ ಕೀಸ್ ಫೈಲ್‌ಗೆ ಸೇರಿಸಿ. ಆ ಫೈಲ್ ಇರುವ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಫೈಲ್‌ಗೆ 600 ಅನುಮತಿ (ಒಡೆಯನಿಗೆ ಮಾತ್ರ ಪ್ರವೇಶ) ಇರಲಿ, ಎರಡರ ಒಡೆತನವೂ ನಿಮ್ಮ ಖಾತೆಯದೇ ಆಗಿರಲಿ. ರೂಟ್ ಆಗಿ ಬರೆದು ಒಡೆತನ ಬದಲಿಸದೆ ಬಿಟ್ಟರೆ ಕೀ ಸರಿಯಿದ್ದರೂ ಸರ್ವರ್ ಒಪ್ಪದಿರಬಹುದು. ಅಂಗಡಿಯಿಂದ ಹೊರಡುವ ಮೊದಲು ಸರ್ವರ್‌ನ ಹೋಸ್ಟ್ ಕೀ ಫಿಂಗರ್‌ಪ್ರಿಂಟನ್ನು (ಇದು ನಿಮ್ಮದೇ ಸರ್ವರ್ ಎಂದು ಗುರುತಿಸುವ ಅಕ್ಷರಗಳ ಸಾಲು) ಎಸ್‌ಎಸ್‌ಎಚ್-ಕೀಜೆನ್ ಎಂಬ ಕಮಾಂಡ್‌ನಿಂದ ತೆಗೆದು ಕಾಗದದ ಮೇಲೆ ಬರೆದುಕೊಳ್ಳಿ. ಮೈಸೂರಿನಿಂದ ಮೊದಲ ಸಲ ಸಂಪರ್ಕಿಸಿದಾಗ ಹೊಸ ಲ್ಯಾಪ್‌ಟಾಪ್ ಅದನ್ನೇ ತೋರಿಸಿ ಮುಂದುವರಿಯಬೇಕೇ ಎಂದು ಕೇಳುತ್ತದೆ. ಅಕ್ಷರಕ್ಕೆ ಅಕ್ಷರ ತಾಳೆಯಾದರೆ ಮಾತ್ರ 'ಯೆಸ್' ಎಂದು ಟೈಪ್ ಮಾಡಿ.