ಹೊಲಿಗೆ ಬಿಚ್ಚಿದ ಮೇಲಿನ ವಾರಗಳು

ಕೋಲಾರದ ಕಡೆ ಮನೆಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಎಂದರೆ ಭಯವೆಲ್ಲ ಥಿಯೇಟರಿನ ಬಾಗಿಲಿಗೇ ಅಂಟಿಕೊಂಡಿರುತ್ತದೆ. ಸ್ಟ್ರೆಚರ್ ಹೊರಬಂದು ರೋಗಿ ಕಣ್ಣು ಬಿಟ್ಟರೆ ಗಂಡಾಂತರ ಕಳೆಯಿತು ಎಂದೇ ಲೆಕ್ಕ. ಮೂರನೇ ವಾರದ ಹೊತ್ತಿಗೆ ಹೊಲಿಗೆ ಬಿಚ್ಚಿಯಾಗಿರುತ್ತದೆ. ಬ್ರೆಡ್ಡು, ಸೇಬು ಹಿಡಿದು ನೋಡಲು ಬರುವ ನೆಂಟರೂ ಕಡಿಮೆಯಾಗಿರುತ್ತಾರೆ. ರಕ್ತನಾಳದೊಳಗೆ ಹೆಪ್ಪುಗಟ್ಟುವ ಅಪಾಯ ತುತ್ತತುದಿಗೇರುವುದು ಸರಿಸುಮಾರು ಆ ವಾರವೇ.

ಬ್ರಿಟನ್ನಿನಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಮಧ್ಯವಯಸ್ಸಿನ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಉಳಿದು ಆಪರೇಷನ್ ಮಾಡಿಸಿಕೊಂಡವರು ಮೊದಲ 6 ವಾರಗಳಲ್ಲಿ ಕಾಲಿನ ಅಥವಾ ಶ್ವಾಸಕೋಶದ ಹೆಪ್ಪಿನಿಂದ ಮತ್ತೆ ಆಸ್ಪತ್ರೆ ಸೇರುವ ಸಂಭವ, ಆಪರೇಷನ್ ಆಗದವರಿಗಿಂತ ಸುಮಾರು 70 ಪಟ್ಟು ಹೆಚ್ಚಿತ್ತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವಂಥ ಆಪರೇಷನ್ನಿನಲ್ಲೂ ಅದು ಸುಮಾರು 10 ಪಟ್ಟು. 70 ಪಟ್ಟು ಎಂದೊಡನೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಮೂಲ ಸಂಭವವೇ ತೀರಾ ಚಿಕ್ಕದು. 12 ವಾರಗಳ ಲೆಕ್ಕ ಹಿಡಿದರೆ 140ರಲ್ಲಿ ಒಬ್ಬರಿಗೆ ಹೀಗಾಗಿತ್ತು. ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರಲ್ಲಿ ಮಾತ್ರ 45ರಲ್ಲಿ ಒಬ್ಬರಿಗೆ.

ರಕ್ತ ಹೆಪ್ಪುಗಟ್ಟುವುದು ಸ್ವತಃ ರೋಗವಲ್ಲ. ಸರ್ಜನ್ ಕೈಯ ಕತ್ತಿಯಾದರೂ ಹೊಲದ ಕುಡುಗೋಲಾದರೂ ದೇಹದ ಮಟ್ಟಿಗೆ ಒಂದೇ: ಗಾಯವಾಗಿದೆ, ರಕ್ತ ನಿಲ್ಲಿಸಬೇಕು. ಯಕೃತ್ತು ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ, ಪ್ಲೇಟ್‌ಲೆಟ್‌ಗಳು ಚುರುಕಾಗುತ್ತವೆ, ಕಟ್ಟಿದ ಹೆಪ್ಪನ್ನು ಕರಗಿಸುವ ಕೆಲಸ ಕೆಲವು ದಿನ ಮಂದವಾಗುತ್ತದೆ. ಇದೇ ಹೊತ್ತಿಗೆ ಅರಿವಳಿಕೆಯಿಂದ ಮೀನಖಂಡದ ಸ್ನಾಯುಗಳು ಸಡಿಲಗೊಂಡಿರುತ್ತವೆ. ನಡೆಯುವಾಗ ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ನೂಕುವವು ಆ ಸ್ನಾಯುಗಳೇ. ಅವು ಸುಮ್ಮನಾದರೆ ಅಭಿಧಮನಿಗಳ ಒಳಗಿರುವ ಪುಟ್ಟ ಕವಾಟಗಳ ಹಿಂಬದಿಯಲ್ಲಿ ರಕ್ತ ತಂಗುತ್ತದೆ, ಅಲ್ಲಿ ಆಮ್ಲಜನಕ ಇಳಿಯುತ್ತದೆ, ನಾಳದ ಒಳಪದರ ಕೆರಳುತ್ತದೆ. ಹೆಪ್ಪಿನ ಮೊದಲ ಎಳೆ ಬಹುಮಟ್ಟಿಗೆ ಹುಟ್ಟುವುದು ಅಲ್ಲಿ. ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟಲು ಅಣಿಯಾಗಿರುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋ ಹೆಸರಿನಲ್ಲಿಯೇ ಕಲಿಸುತ್ತಾರೆ. ಆಪರೇಷನ್ ಆದವರಲ್ಲಿ ಮೂರೂ ಒಟ್ಟಿಗೆ ಸೇರಿರುತ್ತವೆ.

ಕಾಲಿನಲ್ಲಿ ಹುಟ್ಟಿದ ಹೆಪ್ಪು ಕಳಚಿಕೊಂಡರೆ ಹೃದಯದ ಬಲಭಾಗದ ಮೂಲಕ ಶ್ವಾಸಕೋಶ ಸೇರುತ್ತದೆ. ಶ್ವಾಸಕೋಶದ ಸಣ್ಣ ನಾಳಗಳು ಜರಡಿಯಂತೆ ಅದನ್ನು ಅಲ್ಲಿಯೇ ಹಿಡಿದುಬಿಡುತ್ತವೆ. ಹೆಪ್ಪು ದೊಡ್ಡದಾಗಿದ್ದರೆ ಉಸಿರೇ ನಿಲ್ಲಬಹುದು, ಮಿದುಳಿಗಂತೂ ಅದು ತಲುಪುವುದಿಲ್ಲ. ನಮ್ಮ ಕಡೆಯವರು ಲಕ್ವ ಎನ್ನುವ ಪಾರ್ಶ್ವವಾಯುವಿಗೆ ಕಾರಣವಾಗುವ ಹೆಪ್ಪು ಸಾಮಾನ್ಯವಾಗಿ ಹೃದಯದ ಎಡಭಾಗದಿಂದಲೋ ಮಹಾಪಧಮನಿಯಿಂದಲೋ ಕತ್ತಿನ ಅಪಧಮನಿಯಿಂದಲೋ ಬಂದದ್ದು. ಆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಗರ್ಭದಲ್ಲಿದ್ದಾಗ ಹೃದಯದ ಮೇಲಿನ ಕೋಣೆಗಳ ನಡುವೆ ಇದ್ದ ಕಿಂಡಿ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಅಂಥವರಲ್ಲಿ ಅಪರೂಪಕ್ಕೊಮ್ಮೆ ಕಾಲಿನ ಹೆಪ್ಪು ಆ ಕಿಂಡಿಯಲ್ಲಿ ನುಸುಳಿ ಮಿದುಳಿಗೇ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮ ಮನೆಗಳ ಆರೈಕೆಯನ್ನು ನೋಡಿದರೆ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ‘ಅಲ್ಲಾಡಬೇಡ, ಮಲಗಿಕೋ’ ಎನ್ನುವುದೇ ನಮ್ಮಲ್ಲಿ ಪ್ರೀತಿ ತೋರುವ ರೀತಿ. ರೋಗಿ ಎದ್ದು ಬಚ್ಚಲಿಗೆ ಹೋದರೂ ಇಬ್ಬರು ಹಿಡಿದುಕೊಳ್ಳಲು ಓಡಿಬರುತ್ತಾರೆ. ಇತ್ತ ಆಸ್ಪತ್ರೆಗಳಲ್ಲಿ ಮಂಡಿ ಆಪರೇಷನ್ ಆದವರನ್ನೂ ಅದೇ ದಿನ ಅಥವಾ ಮರುದಿನ ನಡೆಸಲು ನೋಡುತ್ತಾರೆ. ಎದ್ದೇಳಲಾಗದವರಿಗೆ ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳುತ್ತಾರೆ, ಕಾಲಿಗೆ ಗಾಳಿ ತುಂಬಿ ಇಳಿಯುವ ಪಟ್ಟಿ ಸುತ್ತುತ್ತಾರೆ, ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮದಡಿ ಹೆಪಾರಿನ್ ಸೂಜಿ ಕೊಡುತ್ತಾರೆ. 1916ರಲ್ಲಿ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದಾಗ, ಅದಕ್ಕೆ ತದ್ವಿರುದ್ಧವಾದ ವಸ್ತು ನಾಯಿಯ ಯಕೃತ್ತಿನಲ್ಲಿ ಸಿಕ್ಕಿತು. ಹೆಪಾರಿನ್ ಕಥೆ ಶುರುವಾದದ್ದು ಹಾಗೆ. ಇಂದು ಅದನ್ನು ಬಹುಪಾಲು ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. ಮಡಿವಂತರು ಈ ಸಾಲನ್ನು ಓದದೆ ಮುಂದೆ ಹೋಗಬಹುದು. ಸೊಂಟದ ಕೀಲು ಬದಲಿಸಿದವರಿಗೆ ಈ ಸೂಜಿ ಅಥವಾ ಅದೇ ಕೆಲಸ ಮಾಡುವ ಮಾತ್ರೆ 35 ದಿನಗಳವರೆಗೂ ಮುಂದುವರಿಯುವುದುಂಟು. ಗಾಯ ಒಣಗಿತು, ನೋವಿಲ್ಲ, ಇನ್ನೇಕೆ ಎಂದು ಮನೆಯಲ್ಲಿ ಅದನ್ನು ನಿಲ್ಲಿಸಿಬಿಡುವುದೂ ಉಂಟು.

ಇನ್ನು ಎಣ್ಣೆ. ಆಪರೇಷನ್ನಿನ ನಂತರ ಒಂದೇ ಕಾಲು ಊದಿ, ಮೀನಖಂಡ ಬಿಗಿದು ನೋಯುತ್ತಿದ್ದರೆ ‘ನರ ಹಿಡಿದುಕೊಂಡಿದೆ’ ಎಂದು ಬಿಸಿ ಎಣ್ಣೆ ಹಚ್ಚಿ ನೀವುತ್ತಾರೆ. ಒಳಗೆ ಹೆಪ್ಪು ಇದ್ದರೆ ಅದನ್ನು ಕಳಚಿ ಶ್ವಾಸಕೋಶಕ್ಕೆ ಕಳಿಸಲು ಇದೊಂದು ದಾರಿ. ಆ ಕಾಲಿಗೆ ಬೇಕಾದದ್ದು ನಾಳದೊಳಗಿನ ರಕ್ತದ ಹರಿವನ್ನು ಶಬ್ದತರಂಗಗಳಿಂದ ನೋಡುವ ಡಾಪ್ಲರ್ ಸ್ಕ್ಯಾನ್. ಅದರಲ್ಲಿ ನೋವಿಲ್ಲ, ವಿಕಿರಣವಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ.

ಬಾಣಂತಿಯರ ವಿಷಯ ಇದಕ್ಕಿಂತ ಗಂಭೀರ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್ ಆಗುತ್ತಿದ್ದರೂ ಅದನ್ನು ಆಪರೇಷನ್ ಎಂದು ಎಣಿಸುವವರೇ ಕಡಿಮೆ. ಹೆರಿಗೆಯ ರಕ್ತಸ್ರಾವವನ್ನು ತಡೆಯಲೆಂದು ಬಸುರಿಯ ರಕ್ತ ಮೊದಲೇ ಹೆಪ್ಪುಗಟ್ಟಲು ಸಜ್ಜಾಗಿರುತ್ತದೆ. ಆ ಸಿದ್ಧತೆ ಹೆರಿಗೆಯೊಂದಿಗೆ ಮುಗಿಯುವುದಿಲ್ಲ. ಮೊದಲ 6 ವಾರ ಜೋರಾಗಿ, ಆಮೇಲೂ ಕೆಲವು ವಾರ ಅಲ್ಪಸ್ವಲ್ಪ ಉಳಿಯುತ್ತದೆ. ಇದರ ಮೇಲೆ ಸಿಸೇರಿಯನ್ ಗಾಯ. ಅದರ ಮೇಲೆ ನಮ್ಮ ಬಾಣಂತನ: ಗಾಳಿಯಾಡದ ಕೋಣೆ, ಕಿವಿಗೆ ಬಟ್ಟೆ, ಬೆವರು ಕಿತ್ತುಬರುವಂತೆ ಬಿಸಿನೀರ ಸ್ನಾನ, ಬಳಿಕ ಕಂಬಳಿ ಹೊದ್ದು ಮಲಗುವುದು, ಕುಡಿಯಲು ನೀರು ಮಾತ್ರ ಗುಟುಕು ಲೆಕ್ಕದಲ್ಲಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಗಾಯ ಕೀವಾಗುತ್ತದೆ ಎಂಬ ನಂಬಿಕೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ. ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ದೊಡ್ಡ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ಇನ್ನಷ್ಟು ಹೆಚ್ಚುತ್ತದೆ.

ಭಾರತದಲ್ಲಿ ಎಳೆಯ ವಯಸ್ಸಿನ ಹೆಂಗಸರಿಗೆ ಲಕ್ವ ಹೊಡೆಯುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರಲ್ಲಿ ಕಾಣುವ ಈ ಕಾಯಿಲೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಇದು ಸಾಮಾನ್ಯ ಲಕ್ವದಂತೆ ಒಮ್ಮೆಗೇ ಎರಗುವುದೂ ಕಡಿಮೆ. ಮೊದಲು ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ಆಮೇಲೆ ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು. ತಲೆನೋವನ್ನು ಶೀತ ಎನ್ನುತ್ತಾರೆ, ಫಿಟ್ಸ್ ಬಂದರೆ ಗಾಳಿ ಸೋಕಿದೆ ಎನ್ನುತ್ತಾರೆ. ತಾಯತ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಎರಡು ದಿನ ಹೋಗಿರುತ್ತದೆ. ಚಿಕಿತ್ಸೆ ಅದೇ ಹೆಪಾರಿನ್. ವಿಚಿತ್ರವೆಂದರೆ ಹೆಪ್ಪಿನ ಒತ್ತಡದಿಂದ ಮಿದುಳಿನಲ್ಲಿ ಸ್ವಲ್ಪ ರಕ್ತ ಒಸರಿದ್ದರೂ ಹೆಪಾರಿನ್ ಕೊಡುತ್ತಾರೆ. ಸಮಯಕ್ಕೆ ಬಂದವರಲ್ಲಿ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಅಜ್ಜಿಯರ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಹಾಲೂಡಿಸುವ ತಾಯಿಗೆ ನೀರು ಬೇಡವೆಂದವರು ಯಾರೆಂಬುದಷ್ಟೇ ತಿಳಿಯುತ್ತಿಲ್ಲ. ಹಸು ಕರು ಹಾಕಿದಾಗ ಬಾನಿ ತುಂಬ ನೀರಿಡುವ ಊರಿದು.

ಹಸುವಿನ ಮಾತು ಬಂದದ್ದರಿಂದ ಇನ್ನೊಂದು ಔಷಧದ ಹುಟ್ಟನ್ನೂ ಹೇಳಬೇಕು. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗ ಮತ್ತು ಕೆನಡಾದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದವಕ್ಕೆ ಹೀಗಾಗುತ್ತಿತ್ತು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸು, ಆ ಮೇವು, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ ಎಲ್ಲವನ್ನೂ ಹಿಮಪಾತದಲ್ಲಿ ಹೇರಿಕೊಂಡು ಬಂದು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನವಿಜ್ಞಾನಿಯ ಮುಂದಿಟ್ಟ. ಆ ಪ್ರಯೋಗಾಲಯದಿಂದ ಬಂದ ವಾರ್ಫರಿನ್ 1948ರಲ್ಲಿ ಮೊದಲು ಇಲಿಪಾಷಾಣವಾಗಿ ಮಾರಾಟಕ್ಕೆ ಬಂತು. 1954ರ ಹೊತ್ತಿಗೆ ಮನುಷ್ಯರ ಔಷಧವಾಯಿತು.

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು, ಹೃದಯದ ಲಯ ತಪ್ಪಿದವರು ನಮ್ಮಲ್ಲಿ ಈ ವಾರ್ಫರಿನ್ ಅಥವಾ ಅದೇ ಬಳಗದ ಅಸೆನೋಕುಮರಾಲ್ ನುಂಗುತ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸವನ್ನು ಇವು ತಡೆಯುತ್ತವೆ. ಆ ವಿಟಮಿನ್ ಧಾರಾಳವಾಗಿರುವುದು ಸೊಪ್ಪಿನಲ್ಲಿ. ವಾರಕ್ಕೆ ಎರಡು ಮೂರು ಸಲ ಮಸ್ಸೊಪ್ಪು, ಬಸ್ಸಾರು ಮಾಡುವ ಕೋಲಾರದ ಮನೆಗಳಲ್ಲಿ ಸೊಪ್ಪು ಬಿಡಬೇಕಾಗಿಲ್ಲ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಸಾಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ನೋಡಿ ಡಾಕ್ಟರು ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತಾರೆ.

ಪೇಚಿಗೆ ಸಿಗುವುದು ಇಂಥವರಿಗೆ ಇನ್ನೊಂದು ಆಪರೇಷನ್ ಎದುರಾದಾಗ. ಮಾತ್ರೆ ಮುಂದುವರಿಸಿದರೆ ರಕ್ತ ನಿಲ್ಲುವುದಿಲ್ಲ, ನಿಲ್ಲಿಸಿದರೆ ಹೆಪ್ಪು ಕಟ್ಟಬಹುದು. ವಾರ್ಫರಿನ್ ಪ್ರಭಾವ ಇಳಿಯಲು ಸುಮಾರು 5 ದಿನ ಬೇಕು. ಆ್ಯಸ್ಪಿರಿನ್ ಮುಟ್ಟಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗುವುದೇ ಇಲ್ಲ. 7ರಿಂದ 10 ದಿನಗಳ ಅದರ ಆಯಸ್ಸು ಮುಗಿದು ಹೊಸದು ಬರಬೇಕು. ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಎಲ್ಲರಿಗೂ ಹೆಪಾರಿನ್ ಕೊಡುವುದು ಬಹುಕಾಲದ ರೂಢಿಯಾಗಿತ್ತು. ಹೃದಯದ ಲಯ ತಪ್ಪಿದವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಬೇರೆಯೇ ಹೇಳಿತು: ಹೆಪಾರಿನ್ ಕೊಡದಿದ್ದರೂ ಹೆಪ್ಪಿನ ಅಪಾಯ ಹೆಚ್ಚಲಿಲ್ಲ, ಕೊಟ್ಟವರಲ್ಲಿ ದೊಡ್ಡ ರಕ್ತಸ್ರಾವ 1.3ರ ಬದಲು 3.2 ಶೇಕಡಾ ಆಯಿತು. ಲೋಹದ ಕವಾಟದವರಿಗೆ ಈ ಮಾತು ಹಾಗೆಯೇ ಅನ್ವಯಿಸುವುದಿಲ್ಲ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕ ಇನ್ನೂ ಬೇರೆ. ಅವರು ಕೇಳದೆ ಮಾತ್ರೆ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಹಲ್ಲು ಕೀಳಿಸಲು, ಕಣ್ಣಿನ ಪೊರೆ ತೆಗೆಸಲು ಸಾಮಾನ್ಯವಾಗಿ ಇವನ್ನು ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ಆದರೂ ಕಣ್ಣಿನ ಶಿಬಿರಕ್ಕೆ ಹೊರಟವರು ವಾರ ಮೊದಲೇ ತಾವಾಗಿ ಬಿಟ್ಟುಬಿಡುತ್ತಾರೆ.

ನಿಲ್ಲಿಸಿದ್ದಕ್ಕಿಂತ ಮತ್ತೆ ಶುರುಮಾಡದೇ ಇದ್ದದ್ದರಿಂದ ಆಗುವ ಅನಾಹುತ ದೊಡ್ಡದು. ಯಾವ ದಿನದಿಂದ ಮತ್ತೆ ನುಂಗಬೇಕು ಎಂಬ ಸಾಲು ಡಿಸ್ಚಾರ್ಜ್ ಕಾಗದದ ಎರಡನೇ ಪುಟದಲ್ಲಿ ಇಂಗ್ಲಿಷಿನಲ್ಲಿ, ಅದೂ ಸಂಕ್ಷೇಪಾಕ್ಷರಗಳಲ್ಲಿ ಇರುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮುಳಬಾಗಿಲಿನ ರೈತನಿಗೆ ಅದು ಇದ್ದೂ ಇಲ್ಲದಂತೆ. ಆ ಒಂದು ಸಾಲನ್ನಾದರೂ ಕನ್ನಡದಲ್ಲಿ ದೊಡ್ಡದಾಗಿ ಬರೆಯಲು ಎಷ್ಟು ಶಾಯಿ ಬೇಕು?

ರಕ್ತನಾಳದ ಚಿಕಿತ್ಸೆಗಳಲ್ಲಿ ಅಪಾಯ ಚಿಕಿತ್ಸೆಯೊಳಗೇ ಇದೆ. ಕತ್ತಿನ ಅಪಧಮನಿ ಕಿರಿದಾದರೆ ಲಕ್ವ ತಡೆಯಲು ಅದನ್ನು ಬಿಡಿಸುತ್ತಾರೆ, ಬಿಡಿಸುವಾಗ ಕೊಬ್ಬಿನ ಚೂರು ಕಳಚಿ ಮಿದುಳಿಗೆ ಹೋದರೆ ಅದೇ ಲಕ್ವ. 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನದಲ್ಲಿ ಸ್ಟೆಂಟ್ ಹಾಕಿಸಿಕೊಂಡವರಲ್ಲಿ 4.1, ಕೊಯ್ದು ಶುಚಿಮಾಡಿಸಿಕೊಂಡವರಲ್ಲಿ 2.3 ಶೇಕಡಾ ಜನರಿಗೆ ಚಿಕಿತ್ಸೆಯ ಆಸುಪಾಸಿನಲ್ಲಿ ಪಾರ್ಶ್ವವಾಯು ಆಯಿತು. ಹೃದಯಾಘಾತದಲ್ಲಿ ಲೆಕ್ಕ ತಿರುವುಮುರುವು. ಆಂಜಿಯೋಗ್ರಾಂನಲ್ಲಿ ಇಂಥ ಅಪಾಯ ಇದಕ್ಕಿಂತ ಬಹಳ ಕಡಿಮೆ, ಹೆದರಿ ಅದನ್ನು ಮುಂದೂಡಬೇಕಾಗಿಲ್ಲ. ಒಮ್ಮೆ ಲಕ್ವ ಆದವರು ಮಾತ್ರ ಹರ್ನಿಯಾ, ಮಂಡಿಯಂಥ ಕಾಯಬಹುದಾದ ಆಪರೇಷನ್ನುಗಳನ್ನು ಕಾಯಿಸುವುದೇ ಸರಿ. ಡೆನ್ಮಾರ್ಕಿನ ದಾಖಲೆಗಳನ್ನು ಆಧರಿಸಿದ 2014ರ ಅಧ್ಯಯನದಲ್ಲಿ ಅಪಾಯ ಒಂದು ಮಟ್ಟಕ್ಕೆ ಇಳಿಯಲು ಸುಮಾರು 9 ತಿಂಗಳು ಬೇಕಾಯಿತು. ಮುರಿದ ಸೊಂಟದ ಮೂಳೆಯನ್ನು ಹಾಗೆ ಕಾಯಿಸಲಾಗದು.

‘ಆಪರೇಷನ್ ಆದಮೇಲೆ ಅಪ್ಪ ಮಂಕಾದರು’ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. 2019ರ ಅಧ್ಯಯನವೊಂದರಲ್ಲಿ, ಹೃದಯಕ್ಕೆ ಸಂಬಂಧಿಸದ ಆಪರೇಷನ್ ಆದ 65 ದಾಟಿದ ಸಾವಿರಕ್ಕೂ ಹೆಚ್ಚು ಜನರಿಗೆ ಎಂಆರ್‌ಐ ಮಾಡಿ ನೋಡಿದರು. ನೂರಕ್ಕೆ 7 ಜನರಲ್ಲಿ ಯಾರ ಗಮನಕ್ಕೂ ಬಾರದ ಸಣ್ಣ ಪಾರ್ಶ್ವವಾಯು ಆಗಿಹೋಗಿತ್ತು. ಒಂದು ವರ್ಷದ ನಂತರ ಅಂಥವರಲ್ಲಿ ಶೇಕಡಾ 42ರಷ್ಟು ಜನರ ನೆನಪು, ಗ್ರಹಿಕೆ ಕುಂದಿತ್ತು. ಉಳಿದವರಲ್ಲಿ ಅದು ಶೇಕಡಾ 29. ವಯಸ್ಸಾಯಿತಲ್ಲ ಎಂದು ತಳ್ಳಿಹಾಕುವುದರಲ್ಲಿ ಇದೂ ಒಂದಷ್ಟು ಸೇರಿದೆ.

ಕಣ್ಣಿಗೆ ಕಾಣುವಂತೆ ಲಕ್ವ ಹೊಡೆದರೆ, ಬಾಯಿ ಸೊಟ್ಟಗಾಗಿ ಕೈ ಜಾರಿದರೆ, ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಅವಧಿ ನಾಲ್ಕೂವರೆ ಗಂಟೆ. ಆಪರೇಷನ್ ಆಗಿ 14 ದಿನವಾಗದಿದ್ದರೆ ಗಾಯದಲ್ಲಿ ರಕ್ತ ಹರಿಯಬಹುದೆಂದು ಅದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಆಗ ರಕ್ತನಾಳದೊಳಗೆ ತೂರಿಸಿದ ಸಣ್ಣ ನಳಿಕೆಯಿಂದ ಹೆಪ್ಪನ್ನು ಎಳೆದು ತೆಗೆಯುವ ದಾರಿಯುಂಟು. ದೊಡ್ಡ ನಾಳ ಕಟ್ಟಿಕೊಂಡ ಕೆಲವರಲ್ಲಿ ಇದನ್ನು 24 ಗಂಟೆಗಳವರೆಗೂ ಮಾಡಬಹುದು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಆದರೂ ಹೆಪ್ಪು ಎಳೆಯುವ ಕೆಲಸಕ್ಕೆ ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಬೇಕು. ಕೋಲಾರದಿಂದ ಸುಮಾರು 70 ಕಿಲೋಮೀಟರ್, ಕೆ.ಆರ್. ಪುರದ ದಟ್ಟಣೆ ಬೇರೆ. ಅಲ್ಲಿ ಮೊದಲು ಕೇಳುವುದು: ಆಪರೇಷನ್ ಎಂದು ಆಯಿತು, ರಕ್ತ ಹೆಪ್ಪುಗಟ್ಟದಂತೆ ನುಂಗುವ ಮಾತ್ರೆ ಯಾವುದು, ಕೊನೆಯದಾಗಿ ನುಂಗಿದ್ದು ಯಾವಾಗ, ಸರಿಯಾಗಿ ಇದ್ದದ್ದನ್ನು ಕೊನೆಗೆ ನೋಡಿದ್ದು ಎಷ್ಟು ಹೊತ್ತಿಗೆ. ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿದವರು ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಕೈ ಎತ್ತಲಾಗದೆ ಸಿಕ್ಕರೆ, ಗಡಿಯಾರ ಶುರುವಾಗಿರುವುದು ಹಿಂದಿನ ರಾತ್ರಿ ಹತ್ತರಿಂದ.