ಬಾವಲಿ ರೆಕ್ಕೆ, ಹಕ್ಕಿ ರೆಕ್ಕೆ: ಹೋಮಾಲಗಸ್ಸೋ, ಅನಾಲಗಸ್ಸೋ?

ಒಂದೇ ಪೂರ್ವಜರಿಂದ ಬಂದ ಹೋಲಿಕೆ ಹೋಮಾಲಜಿ, ಅಂಥ ಅಂಗಗಳು ಹೋಮಾಲಗಸ್. ಬೇರೆ ಬೇರೆ ಕಡೆ ಹುಟ್ಟಿ, ಒಂದೇ ಥರದ ಕೆಲಸದಿಂದಾಗಿ ಬಂದ ಹೋಲಿಕೆ ಅನಾಲಜಿ, ಅಂಥವು ಅನಾಲಗಸ್. ನಮ್ಮ ಕೈ, ಕುದುರೆಯ ಮುಂಗಾಲು, ತಿಮಿಂಗಿಲದ ಈಜುಗೈ ಹೋಮಾಲಗಸ್, ಇದೆಲ್ಲ ಗೊತ್ತಿರೋದೇ, ಬಿಡಿ.

ನಾನು ಸಿಕ್ಕಿಹಾಕಿಕೊಂಡದ್ದು ಬಾವಲಿಯಲ್ಲಿ. ಒಂದು ಗೈಡಿನಲ್ಲಿ ಬಾವಲಿ ರೆಕ್ಕೆ, ಹಕ್ಕಿ ರೆಕ್ಕೆ ಹೋಮಾಲಗಸ್ ಅಂತಿತ್ತು. ಇನ್ನೊಂದರಲ್ಲಿ ಅನಾಲಗಸ್. ಅಚ್ಚಿನ ತಪ್ಪು ಅಂದುಕೊಂಡೆ. ಆಮೇಲೆ ನೋಡಿದರೆ ಎರಡೂ ಸರಿ! ಪ್ರಶ್ನೆಯೇ ಅರ್ಧ.

ಯಾರಾದರೂ 'ಅವರು ನಮ್ಮ ನೆಂಟರು' ಅಂದರೆ ನಾವು 'ಏನಾಗಬೇಕು?' ಅಂತ ಕೇಳ್ತೀವಿ, ಅಲ್ವಾ? ಇಲ್ಲೂ ಅದನ್ನೇ ಕೇಳಬೇಕು. ಒಬ್ಬ ಅಜ್ಜನ ಇಬ್ಬರು ಮೊಮ್ಮಕ್ಕಳು ಬೇರೆ ಬೇರೆ ಊರಲ್ಲಿ ಹೋಟೆಲ್ ಇಟ್ಟರು ಅನ್ನಿ. ಅಜ್ಜ ಬೇಸಾಯದವನು. ನೆಂಟಸ್ತಿಕೆ ಅಜ್ಜನಿಂದ ಬಂತು, ಹೋಟೆಲ್ ಅಲ್ಲ.

ಹಕ್ಕಿಗೂ ಬಾವಲಿಗೂ ಇರುವ 'ಅಜ್ಜ' 30 ಕೋಟಿ ವರ್ಷಕ್ಕೂ ಹಿಂದಿನ ನಾಲ್ಕು ಕಾಲಿನ ಪ್ರಾಣಿ. ಅದಕ್ಕೆ ಮುಂಗಾಲು ಇತ್ತು, ರೆಕ್ಕೆ ಇರಲಿಲ್ಲ. ಹಾಗಾಗಿ ತೋಳಿನಲ್ಲಿ ಒಂದು ಮೂಳೆ, ಮುಂಗೈಯಲ್ಲಿ ಎರಡು, ಆಮೇಲೆ ಮಣಿಕಟ್ಟು, ಬೆರಳು ಅನ್ನುವ ಸಾಲು ಇಬ್ಬರಲ್ಲೂ ಒಂದೇ. ಆದರೆ ರೆಕ್ಕೆ ಮಾಡಿಕೊಂಡ ದಾರಿ ಬೇರೆ. ಬಾವಲಿಯದು ಉದ್ದುದ್ದ ಬೆಳೆದ ಬೆರಳುಗಳ ನಡುವೆ ಹರಡಿದ ಚರ್ಮ. ಹಕ್ಕಿಯಲ್ಲಿ ಬೆರಳು ಮೂರಕ್ಕೆ ಇಳಿದು ಕುಗ್ಗಿವೆ, ಗಾಳಿ ತಳ್ಳೋದು ಗರಿ. ಅಂದರೆ, ಮುಂಗಾಲಾಗಿ ನೋಡಿದರೆ ಹೋಮಾಲಗಸ್. ರೆಕ್ಕೆಯಾಗಿ ನೋಡಿದರೆ ಅನಾಲಗಸ್. ಈಗ ನನ್ನ ನೋಟ್ಸಲ್ಲಿ ಪ್ರತಿ ಉದಾಹರಣೆಯ ಪಕ್ಕ 'ಯಾವುದಾಗಿ?' ಅಂತ ಕೆಂಪು ಪೆನ್ನಲ್ಲಿ ಬರೆದಿದ್ದೇನೆ. ಚಿಟ್ಟೆ ರೆಕ್ಕೆಗೆ ಇಷ್ಟು ಗೊಂದಲ ಇಲ್ಲ. ಅದರಲ್ಲಿ ಮೂಳೆಯೇ ಇಲ್ಲ, ಸುಮ್ನೆ ಅನಾಲಗಸ್ ಅಂತ ಬರೆಯಿರಿ.

ಇಸವಿ ಕೇಳಿದರೆ: ಇಂಗ್ಲೆಂಡಿನ ಅಂಗರಚನಾ ವಿಜ್ಞಾನಿ ರಿಚರ್ಡ್ ಓವನ್ 1843ರಲ್ಲಿ ಹೋಮಾಲಗ್ ಅನ್ನೋದಕ್ಕೆ ಅರ್ಥ ಕೊಟ್ಟರು. ರೂಪ, ಕೆಲಸ ಎಷ್ಟೇ ಬದಲಾದರೂ ಬೇರೆ ಪ್ರಾಣಿಯಲ್ಲಿರುವ ಅದೇ ಅಂಗ ಅಂತ. ಅದರಲ್ಲಿ ಪೂರ್ವಜರ ಸುದ್ದಿಯೇ ಇಲ್ಲ! ಅದನ್ನು ಸೇರಿಸಿದ್ದು 1859ರಲ್ಲಿ ಡಾರ್ವಿನ್.

ಗಿಡಗಳಲ್ಲಿ ಕಾಗದದ ಹೂವಿನ ಮುಳ್ಳು, ಕುಂಬಳ ಬಳ್ಳಿಯ ಸುರುಳಿ ಕುಡಿ ಹೋಮಾಲಗಸ್. ಆಲೂಗಡ್ಡೆ ಅನ್ನೋದು ಕಾಂಡ, ಗೆಣಸು ಅನ್ನೋದು ಬೇರು, ಹಾಗಾಗಿ ಅವೆರಡು ಅನಾಲಗಸ್.

ಈಗ ಇದನ್ನು ಮಾಡಿ ನೋಡಿ: ಡಾಲ್ಫಿನ್ನಿನ ಈಜುಗೈ, ಶಾರ್ಕಿನ ಎದೆಯ ಪಕ್ಕದ ರೆಕ್ಕೆ. ಡಾಲ್ಫಿನ್ನಿನ ಪೂರ್ವಜರು ನೆಲದ ಮೇಲೆ ನಡೆದವರು, ಆದ್ದರಿಂದ ಈಜುವ ಅಂಗವಾಗಿ ಅನಾಲಗಸ್. ಮುಂದಿನ ಜೋಡಿ ಅಂಗವಾಗಿ ಹೋಮಾಲಗಸ್. ಬೆನ್ನಿನ ಮೇಲಿನ ರೆಕ್ಕೆ? ಡಾಲ್ಫಿನ್ನಿನದರಲ್ಲಿ ಮೂಳೆಯೇ ಇಲ್ಲ. ಅಲ್ಲಿ ಹೇಗೆ ನೋಡಿದರೂ ಅನಾಲಗಸ್ಸೇ.