ಗೋಲು ಬಿದ್ದರೂ ಬೆಲೆ ಇಳಿದಿದ್ದು ಯಾಕೆ?

ಪ್ರಶ್ನೆ: ಪ್ರೆಡಿಕ್ಷನ್ ಮಾರ್ಕೆಟ್ (ಮುಂದೆ ಏನಾಗುತ್ತದೆ ಅನ್ನುವುದರ ಮೇಲೆ ಜನ ಕಾಂಟ್ರಾಕ್ಟ್ ಕೊಳ್ಳುವ, ಮಾರುವ ಮಾರುಕಟ್ಟೆ) ಒಂದರಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ‘2.5ಕ್ಕಿಂತ ಜಾಸ್ತಿ ಗೋಲು’ ಅನ್ನುವ ಕಾಂಟ್ರಾಕ್ಟ್ ಇತ್ತು. ಶುರುವಿನಲ್ಲಿ ಬೆಲೆ 51 ಸೆಂಟ್. ಮೊದಲಾರ್ಧದಲ್ಲಿ ಒಂದು ಗೋಲು ಬಿತ್ತು. ಆದರೂ ಬಿಡುವಿನ ಹೊತ್ತಿಗೆ ಬೆಲೆ 42. ಗೋಲು ಬಿದ್ದ ಮೇಲೆ ಏರಬೇಕಿತ್ತು ಅಲ್ವಾ?

ಉತ್ತರ: ಏರಿಯೇ ಇರುತ್ತದೆ. ಆಮೇಲೆ ಗಡಿಯಾರ ಅದನ್ನು ತಿಂದು ಹಾಕಿದೆ.

ಮೊದಲು ಆ ಅರ್ಧ ಗೋಲಿನ ವಿಷಯ. ಅರ್ಧ ಗೋಲನ್ನು ಯಾರೂ ಹೊಡೆಯುವುದಿಲ್ಲ, ಅದಕ್ಕೇ ಅದನ್ನು ಇಟ್ಟಿದ್ದಾರೆ. ಎರಡೂ ತಂಡಗಳ ಗೋಲು ಸೇರಿ ಮೂರು ಅಥವಾ ಹೆಚ್ಚಾದರೆ ‘ಹೌದು’, ಎರಡು ಅಥವಾ ಕಡಿಮೆಯಾದರೆ ‘ಇಲ್ಲ’. ನಡುವೆ ತಗಾದೆಗೆ ಜಾಗವೇ ಇಲ್ಲ. ಯಾರು ಗೆದ್ದರೂ ಒಂದೇ. ತಮ್ಮದೇ ಗೋಲಿಗೆ ಚೆಂಡು ಹೊಡೆದುಕೊಂಡರೂ ಅದು ಲೆಕ್ಕಕ್ಕೆ ಬರುತ್ತದೆ.

ಗೆದ್ದ ಕಾಂಟ್ರಾಕ್ಟ್‌ಗೆ 1 ಡಾಲರ್, ಸೋತದ್ದಕ್ಕೆ ಸೊನ್ನೆ. ‘ಹೌದು’ಗೆ 51 ಸೆಂಟ್ ಕೊಡುವವರು ಒಬ್ಬರು, ‘ಇಲ್ಲ’ಕ್ಕೆ 49 ಕೊಡುವವರು ಇನ್ನೊಬ್ಬರು. ಎರಡೂ ಸೇರಿ ಆ 1 ಡಾಲರ್. ಅಂದರೆ ಬೆಲೆ ಕಟ್ಟುವುದು ಕಂಪನಿಯಲ್ಲ, ಎದುರುಬದುರು ಕೂತ ಜನ. ನಡೆಸುವವರು ಸಾಮಾನ್ಯವಾಗಿ ಶುಲ್ಕ ತೆಗೆದುಕೊಳ್ಳುತ್ತಾರೆ. ಹಾಗಾಗಿ 51 ಸೆಂಟ್ ಅಂದರೆ ‘ಮೂರು ಗೋಲು ಆಗುವ ಸಾಧ್ಯತೆ ಹೆಚ್ಚುಕಮ್ಮಿ ನೂರಕ್ಕೆ 51’ ಎಂದು ಓದಬಹುದು.

ಈಗ ನಿಮ್ಮ ಪಂದ್ಯ. 2022ರ ವಿಶ್ವಕಪ್‌ನಲ್ಲಿ 64 ಪಂದ್ಯಗಳಿಗೆ 172 ಗೋಲು ಬಿದ್ದವು, ಪಂದ್ಯಕ್ಕೆ ಸರಾಸರಿ 2.7. ಇದನ್ನೇ ಪ್ವಾಸೊನ್ ಸೂತ್ರಕ್ಕೆ (ಸರಾಸರಿ ಗೊತ್ತಿದ್ದರೆ ಎಷ್ಟು ಗೋಲು ಬೀಳುವ ಸಾಧ್ಯತೆ ಎಷ್ಟೆಂದು ಹೇಳುವ ಗಣಿತದ ಸೂತ್ರ) ಹಾಕಿದರೆ ಮೂರು ಅಥವಾ ಹೆಚ್ಚು ಗೋಲಿನ ಸಾಧ್ಯತೆ ನೂರಕ್ಕೆ 51ರ ಹತ್ತಿರ ಬರುತ್ತದೆ. 20ನೇ ನಿಮಿಷದವರೆಗೆ ಏನೂ ಆಗಲಿಲ್ಲ ಅಂದುಕೊಳ್ಳಿ. ಉಳಿದ ಸಮಯ ಕಡಿಮೆಯಾಯಿತು, ಬೇಕಾದ ಗೋಲು ಮಾತ್ರ ಇನ್ನೂ ಮೂರು. ಬೆಲೆ ಸದ್ದಿಲ್ಲದೆ ಸುಮಾರು 37ಕ್ಕೆ ಜಾರುತ್ತದೆ. ಅಷ್ಟರಲ್ಲಿ ಗೋಲು! ಒಂದೇ ಏಟಿಗೆ 64ರ ಆಸುಪಾಸು. ಆಮೇಲೆ ಬಿಡುವಿನ ತನಕ ಮತ್ತೆ ಸಪ್ಪೆ ಆಟ. ಉಳಿದ 45 ನಿಮಿಷದಲ್ಲಿ ಇನ್ನೂ ಎರಡು ಗೋಲು ಬೇಕು, ಬೆಲೆ 42. ಆ ಒಂದು ಗೋಲೂ ಇಲ್ಲದಿದ್ದರೆ 18ಕ್ಕೆ ಇಳಿದಿರುತ್ತಿತ್ತು. ಎರಡನೇ ಅರ್ಧದಲ್ಲಿ ಗೋಲು ಸ್ವಲ್ಪ ಜಾಸ್ತಿ ಬೀಳುತ್ತವೆ ಅನ್ನುವುದನ್ನೂ ಈ ಲೆಕ್ಕದಲ್ಲಿ ಸೇರಿಸಿದ್ದೇನೆ.

ಇದು ಬರೀ ಸರಾಸರಿ ಲೆಕ್ಕ. ಕೆಂಪು ಕಾರ್ಡ್, ಮಳೆ, ಸೋಲುತ್ತಿರುವ ತಂಡದ ಗಡಿಬಿಡಿ ಇವೆಲ್ಲ ಬೆಲೆಯನ್ನು ಆಚೀಚೆ ಎಳೆಯುತ್ತವೆ. 2014ರಲ್ಲಿ ಬ್ರೆಜಿಲ್ ಮೇಲೆ ಜರ್ಮನಿ 29 ನಿಮಿಷದೊಳಗೆ ಐದು ಗೋಲು ಹೊಡೆದಾಗ ಯಾವ ಸರಾಸರಿ ಕೆಲಸಕ್ಕೆ ಬಂದೀತು?

ಜನ ಜಾಸ್ತಿ ಎಡವುವುದು ಇಲ್ಲಲ್ಲ, ನಿಯಮದಲ್ಲಿ. ಸಾಮಾನ್ಯವಾಗಿ 90 ನಿಮಿಷ ಮತ್ತು ರೆಫ್ರಿ ಸೇರಿಸಿದ ನಿಮಿಷಗಳು ಮಾತ್ರ ಲೆಕ್ಕಕ್ಕೆ. ಹೆಚ್ಚುವರಿ 30 ನಿಮಿಷ, ಶೂಟೌಟ್ ಇಲ್ಲ. ಕೆಲವು ಕಾಂಟ್ರಾಕ್ಟ್‌ಗಳಲ್ಲಿ ಇದು ಬೇರೆ ಇರಬಹುದು, ಸುಮ್ನೆ ಊಹಿಸಬೇಡಿ. 2022ರ ಫೈನಲ್ ನೋಡಿ. ಅರ್ಜೆಂಟೀನಾ, ಫ್ರಾನ್ಸ್ 90 ನಿಮಿಷ ಮುಗಿದಾಗ 2–2, ಹೆಚ್ಚುವರಿ ಸಮಯ ಮುಗಿದಾಗ 3–3. ಆರು ಗೋಲು ನೋಡಿದವರಿಗೆ ‘4.5ಕ್ಕಿಂತ ಜಾಸ್ತಿ’ ಗೆದ್ದಂತೆ ಕಾಣುತ್ತದೆ. 90 ನಿಮಿಷದ ನಿಯಮದಲ್ಲಿ ಅದಕ್ಕೆ ಸಿಗುವುದು ಸೊನ್ನೆ.